ನೋಸ್ನಿಫ್ ಹಾಕಿದ ಮೇಲೆ ಡಿಡಬ್ಲ್ಯೂಜಿ ಫೈಲ್ ಇಳಿಯದೆ ಬ್ರೌಸರಿನಲ್ಲೇ ತೆರೆದುಕೊಳ್ಳುತ್ತಿದೆ: ಸರಿಯಾದ ಮೈಮ್ ಟೈಪ್ ಕೊಡುವುದು ಹೇಗೆ?

ಪ್ರಶ್ನೆ: ನಕ್ಷೆಗಾರ

ಎಲ್ಲರಿಗೂ ನಮಸ್ಕಾರ. ಕಟ್ಟಡ ವಿನ್ಯಾಸ ಮಾಡುವ ಒಂದು ಸಣ್ಣ ಕಚೇರಿಯ ವೆಬ್ ಸರ್ವರನ್ನು ನಾನು ನೋಡಿಕೊಳ್ಳುತ್ತೇನೆ. ಆಟೋಕ್ಯಾಡ್‌ನ ಡಿಡಬ್ಲ್ಯೂಜಿ, ಫೋಟೋಶಾಪ್‌ನ ಪಿಎಸ್‌ಡಿ, ಗೂಗಲ್ ಅರ್ಥ್‌ನ ಕೆಎಂಜೆಡ್ ಮತ್ತು ಎಕ್ಸೆಲ್ ಫೈಲ್‌ಗಳನ್ನು ಗ್ರಾಹಕರು ಅಲ್ಲಿಂದಲೇ ಇಳಿಸಿಕೊಳ್ಳುತ್ತಾರೆ. ಸರ್ವರ್ ಎಂಜಿನ್‌ಎಕ್ಸ್. ಭದ್ರತಾ ತಪಾಸಣೆ ಮಾಡಿದವರ ಸಲಹೆಯಂತೆ ಎಕ್ಸ್-ಕಂಟೆಂಟ್-ಟೈಪ್-ಆಪ್ಷನ್ಸ್ ಹೆಡರಿನಲ್ಲಿ ನೋಸ್ನಿಫ್ ಕಳುಹಿಸಲು ಆರಂಭಿಸಿದ ಮೇಲೆ, ಡಿಡಬ್ಲ್ಯೂಜಿ ಕೊಂಡಿಯನ್ನು ಒತ್ತಿದರೆ ಫೈಲ್ ಇಳಿಯುವ ಬದಲು ಪುಟದ ತುಂಬ ಚೌಕಗಳೂ ಪ್ರಶ್ನಾರ್ಥಕ ಚಿಹ್ನೆಗಳೂ ಕಾಣಿಸುತ್ತಿವೆ. ಆರಂಭದಲ್ಲಿರುವ ‘ಎಸಿ1032’ ಒಂದನ್ನು ಬಿಟ್ಟರೆ ಓದಲು ಬರುವಂಥದ್ದು ಏನೂ ಇಲ್ಲ. ಪಿಎಸ್‌ಡಿಯದೂ ಇದೇ ಪಾಡು. ಎಕ್ಸೆಲ್ ಮತ್ತು ಕೆಎಂಜೆಡ್‌ಗೆ ಮಾತ್ರ ಏನೂ ಆಗಿಲ್ಲ. ನೋಸ್ನಿಫ್ ತೆಗೆದರೆ ಎಲ್ಲವೂ ಮೊದಲಿನಂತೆ ನಡೆಯುತ್ತದೆ, ಆದರೆ ಅದನ್ನು ತೆಗೆಯುವಂತಿಲ್ಲ.

ಇದರ ಜೊತೆಗೆ ಇನ್ನೊಂದು ಪ್ರಶ್ನೆ. ಅಂದಾಜು ಪಟ್ಟಿ ತಯಾರಿಸಲು ನಾವೇ ಒಂದು ತಂತ್ರಾಂಶ ಬರೆದುಕೊಂಡಿದ್ದೇವೆ. ಅದರ ಫೈಲ್‌ಗೆ ನಮ್ಮದೇ ಎಕ್ಸ್‌ಟೆನ್ಶನ್ ಇದೆ, ಒಳಗಿರುವುದು ಜೇಸನ್ (ಮಾಹಿತಿಯನ್ನು ಪಠ್ಯರೂಪದಲ್ಲಿ ಬರೆಯುವ ಒಂದು ವಿನ್ಯಾಸ). ಅದನ್ನು ಯಾವ ಟೈಪ್ ಹೆಸರಿನಿಂದ ಕಳುಹಿಸುವುದು ಸರಿ?

ಉತ್ತರ: ಹಳೆಯ ಅಡ್ಮಿನ್

ತಮ್ಮ ಸರ್ವರ್ ಡಿಡಬ್ಲ್ಯೂಜಿಯ ಮೈಮ್ ಟೈಪನ್ನು, ಅಂದರೆ ಫೈಲ್ ಯಾವ ಬಗೆಯದೆಂದು ಬ್ರೌಸರಿಗೆ ತಿಳಿಸುವ ಹೆಸರನ್ನು, ಮೊದಲಿನಿಂದಲೂ ಟೆಕ್ಸ್ಟ್/ಪ್ಲೇನ್ (ಸಾದಾ ಪಠ್ಯ) ಎಂದೇ ಹೇಳಿ ಕಳುಹಿಸುತ್ತಿದ್ದಿರಬೇಕು. ಎಂಜಿನ್‌ಎಕ್ಸ್‌ನ ಜೊತೆಗೇ ಬರುವ ಮೈಮ್.ಟೈಪ್ಸ್ ಪಟ್ಟಿಯಲ್ಲಿ ಆಫೀಸ್ ಫೈಲ್‌ಗಳೂ ಕೆಎಂಜೆಡ್ಡೂ ಇವೆ, ಡಿಡಬ್ಲ್ಯೂಜಿ ಮತ್ತು ಪಿಎಸ್‌ಡಿ ಇಲ್ಲ. ಪಟ್ಟಿಯಲ್ಲಿಲ್ಲದ ಎಕ್ಸ್‌ಟೆನ್ಶನ್‌ಗೆ ಡಿಫಾಲ್ಟ್_ಟೈಪ್ ಅನ್ವಯಿಸುತ್ತದೆ. ಆ ಸಾಲನ್ನು ಯಾರೂ ಬರೆದಿರದಿದ್ದರೆ ಅದರ ಮೂಲ ಬೆಲೆ ಟೆಕ್ಸ್ಟ್/ಪ್ಲೇನ್. ಇಷ್ಟು ಕಾಲ ಬ್ರೌಸರ್ ಮೊದಲ ಕೆಲವು ಬೈಟ್‌ಗಳನ್ನು ಇಣುಕಿ ನೋಡಿ, ಇದು ಪಠ್ಯವಲ್ಲವೆಂದು ತಾನೇ ತೀರ್ಮಾನಿಸಿ, ಫೈಲನ್ನು ಇಳಿಸಿಕೊಡುತ್ತಿತ್ತು. ಹಾಗೆ ಇಣುಕಬೇಡ ಎಂದು ಹೇಳುವುದೇ ನೋಸ್ನಿಫ್‌ನ ಕೆಲಸ, ಆದ್ದರಿಂದ ಈಗ ಅದು ತಮ್ಮ ಸರ್ವರಿನ ಮಾತನ್ನು ನಂಬಿ ಪಠ್ಯವೆಂದೇ ತೋರಿಸುತ್ತಿದೆ. ತಾವು ಕಂಡ ‘ಎಸಿ1032’ ಡಿಡಬ್ಲ್ಯೂಜಿಯ 2018ರ ಆವೃತ್ತಿಯ ಗುರುತು. ಫೋಟೋಶಾಪ್ ಫೈಲನ್ನು ನೋಡಿದರೆ ಆರಂಭದಲ್ಲಿ ‘8ಬಿಪಿಎಸ್’ ಕಾಣಿಸುತ್ತದೆ.

ಡಿಡಬ್ಲ್ಯೂಜಿಗೆ ಇಮೇಜ್/ವಿಎನ್‌ಡಿ.ಡಿಡಬ್ಲ್ಯೂಜಿ, ಪಿಎಸ್‌ಡಿಗೆ ಇಮೇಜ್/ವಿಎನ್‌ಡಿ.ಅಡೋಬಿ.ಫೋಟೋಶಾಪ್ ಎಂದು ಕೊಡಿ. ಎರಡೂ ಇಂಥ ಹೆಸರುಗಳ ಪಟ್ಟಿಯನ್ನು ಇಡುವ ಸಂಸ್ಥೆಯಾದ ಐಯಾನಾದಲ್ಲಿ ನೋಂದಣಿಯಾದವು. ಆದರೆ ಬರೆಯುವ ಜಾಗದ ಬಗ್ಗೆ ಎಚ್ಚರವಿರಲಿ. ಸರ್ವರ್ ಅಥವಾ ಲೊಕೇಶನ್ ಬ್ಲಾಕಿನೊಳಗೆ ಹೊಸದಾಗಿ ಟೈಪ್ಸ್ ಬ್ಲಾಕ್ ತೆರೆದರೆ ಅದು ಮೇಲಿನ ಪಟ್ಟಿಗೆ ಸೇರಿಕೊಳ್ಳುವುದಿಲ್ಲ, ಅದರ ಜಾಗವನ್ನೇ ಆಕ್ರಮಿಸುತ್ತದೆ. ಎರಡು ಸಾಲು ಸೇರಿಸಲು ಹೋಗಿ ಎಚ್‌ಟಿಎಂಎಲ್, ಸಿಎಸ್‌ಎಸ್ ಎಲ್ಲದರ ಟೈಪೂ ಕಳೆದುಹೋಗಿ, ಮುಖಪುಟವೇ ಡೌನ್‌ಲೋಡ್ ಆಗತೊಡಗಿದ ಸೈಟುಗಳನ್ನು ನಾನು ನೋಡಿದ್ದೇನೆ. ಎಚ್‌ಟಿಟಿಪಿ ಹಂತದಲ್ಲಿ, ಮೈಮ್.ಟೈಪ್ಸ್ ಅನ್ನು ಇನ್‌ಕ್ಲೂಡ್ ಮಾಡಿರುವ ಸಾಲಿನ ಪಕ್ಕದಲ್ಲೇ ಬರೆದರೆ ಎರಡೂ ಕೂಡಿಕೊಳ್ಳುತ್ತವೆ. ಡಿಫಾಲ್ಟ್_ಟೈಪ್ ಅನ್ನೂ ಅಪ್ಲಿಕೇಶನ್/ಆಕ್ಟೆಟ್-ಸ್ಟ್ರೀಮ್‌ಗೆ ಬದಲಾಯಿಸಿಬಿಡಿ.

ಇಳಿಸಿಕೊಳ್ಳುವ ಫೋಲ್ಡರಿಗೆ ಕಂಟೆಂಟ್-ಡಿಸ್ಪೊಸಿಶನ್: ಅಟ್ಯಾಚ್‌ಮೆಂಟ್ (ತೆರೆಯದೆ ಇಳಿಸಿಕೊಡು ಎಂದು ಬ್ರೌಸರಿಗೆ ಹೇಳುವ ಹೆಡರ್) ಕೂಡ ಹಾಕುವುದು ಒಳ್ಳೆಯದು. ಅಲ್ಲಿಯೂ ಇದೇ ಬಗೆಯ ತೊಡಕಿದೆ: ಲೊಕೇಶನ್ ಒಳಗೆ ಒಂದೇ ಒಂದು ಆಡ್_ಹೆಡರ್ ಬರೆದರೂ ಮೇಲಿನ ಹಂತದ ಆಡ್_ಹೆಡರ್‌ಗಳು ಅಲ್ಲಿಗೆ ಇಳಿದು ಬರುವುದಿಲ್ಲವಾದ್ದರಿಂದ ನೋಸ್ನಿಫ್ ಸಾಲನ್ನು ಅಲ್ಲಿ ಮತ್ತೊಮ್ಮೆ ಬರೆಯಬೇಕು.

ಉತ್ತರ: ಗಣಕಪ್ರಿಯ

ಎರಡನೆಯ ಪ್ರಶ್ನೆಗೆ ನನ್ನ ಉತ್ತರ. ‘ವಿಎನ್‌ಡಿ.’ ಎಂಬುದು ವೆಂಡರ್ ಶಾಖೆಯ ಗುರುತು. ಈಗ ಜಾರಿಯಲ್ಲಿರುವ ನಿಯಮ 2013ರ ಜನವರಿಯ ಆರ್‌ಎಫ್‌ಸಿ 6838 (ಆರ್‌ಎಫ್‌ಸಿ ಎಂದರೆ ಅಂತರ್ಜಾಲದ ನಿಯಮಗಳನ್ನು ಪ್ರಕಟಿಸುವ ದಾಖಲೆ). ಸಾರ್ವಜನಿಕವಾಗಿ ದೊರೆಯುವ ಉತ್ಪನ್ನಗಳ ಫೈಲ್‌ಗಳಿಗೆ ಈ ಶಾಖೆ ಮೀಸಲು. ಇದಕ್ಕೆ ಅಂತರ್ಜಾಲದ ಮಾನದಂಡ ರೂಪಿಸುವ ಐಇಟಿಎಫ್‌ನ ಮಾನದಂಡ ಬೇಕಿಲ್ಲ, ಫೈಲಿನ ಒಳರಚನೆಯನ್ನು ಬಹಿರಂಗಪಡಿಸಲೇಬೇಕು ಎಂದೂ ಇಲ್ಲ. ಐಯಾನಾಕ್ಕೆ ಅರ್ಜಿ ತುಂಬಿದರೆ ತಜ್ಞರೊಬ್ಬರು ಪರಿಶೀಲಿಸುತ್ತಾರೆ. ಭದ್ರತೆಯ ಭಾಗವನ್ನು ಮಾತ್ರ ಖಾಲಿ ಬಿಡುವಂತಿಲ್ಲ. ಒಳಗಿರುವುದು ಜೇಸನ್ ಆದ್ದರಿಂದ ಅಪ್ಲಿಕೇಶನ್/ವಿಎನ್‌ಡಿ. ಎಂದು ಆರಂಭಿಸಿ, ಸಂಸ್ಥೆಯ ಹೆಸರು, ಚುಕ್ಕೆ, ತಂತ್ರಾಂಶದ ಹೆಸರು, ಕೊನೆಗೆ +ಜೇಸನ್ ಎಂದು ಬರೆಯಿರಿ. ಆ ಬಾಲವಿದ್ದರೆ ತಮ್ಮ ತಂತ್ರಾಂಶದ ಪರಿಚಯವೇ ಇಲ್ಲದ ಸಾಧನವೂ ಅದನ್ನು ಸಾಮಾನ್ಯ ಜೇಸನ್ ಆಗಿ ಓದಬಲ್ಲದು.

‘ಎಕ್ಸ್-’ ಹಚ್ಚುವ ಹಳೆಯ ಅಭ್ಯಾಸವನ್ನು ಬಿಡಿ. ತಾತ್ಕಾಲಿಕವೆಂದು ಇಟ್ಟ ಅಂಥ ಹೆಸರುಗಳು ಎಲ್ಲೆಡೆ ಹರಡಿ ಶಾಶ್ವತವಾಗಿಬಿಡುತ್ತವೆ ಎಂಬ ಕಾರಣಕ್ಕಾಗಿಯೇ 2012ರ ಆರ್‌ಎಫ್‌ಸಿ 6648 ಅದನ್ನು ಬೇಡವೆಂದಿತು. ಫೈಲ್ ಕಚೇರಿಯಿಂದ ಹೊರಗೆ ಹೋಗುವುದೇ ಇಲ್ಲವಾದರೆ, ನನ್ನ ಅಭಿಪ್ರಾಯದಲ್ಲಿ, ಸರಳವಾಗಿ ಅಪ್ಲಿಕೇಶನ್/ಜೇಸನ್ ಸಾಕು. ನೋಂದಾಯಿಸದ ವಿಎನ್‌ಡಿ ಹೆಸರೊಂದನ್ನು ಸೃಷ್ಟಿಸಿ ಬಳಸುವುದು ಬೇಡ.

ಉತ್ತರ: ದತ್ತಸಂಚಯ

ಗ್ರಾಹಕರು ಫೈಲ್ ಮೇಲೇರಿಸುವ ವ್ಯವಸ್ಥೆಯೂ ಇದ್ದರೆ, ಟೈಪನ್ನು ಉಳಿಸುವ ಡೇಟಾಬೇಸ್ ಕಾಲಮ್ಮಿನ ಉದ್ದವನ್ನು ಒಮ್ಮೆ ನೋಡಿ. ಡಾಕ್ಸ್ ಫೈಲಿನ ಅಧಿಕೃತ ಟೈಪ್ ಹೆಸರು ಮೂಲ ಲಿಪಿಯಲ್ಲಿ 71 ಅಕ್ಷರ, ಪಿಪಿಟಿಎಕ್ಸ್‌ನದು 73. ಕಾಲಮ್ 50 ಅಥವಾ 64 ಅಕ್ಷರದ್ದಾಗಿದ್ದರೆ ಹೆಸರಿನ ಬಾಲ ತುಂಡಾಗುತ್ತದೆ, ಫೈಲನ್ನು ಮರಳಿ ಕೊಡುವಾಗ ಅರ್ಧ ಹೆಸರೇ ಹೋಗುತ್ತದೆ. ಆರ್‌ಎಫ್‌ಸಿ ಪ್ರಕಾರ ಟೈಪ್ ಮತ್ತು ಸಬ್‌ಟೈಪ್ ತಲಾ 127 ಅಕ್ಷರದವರೆಗೆ ಇರಬಹುದು, ಆದ್ದರಿಂದ 255 ಇಟ್ಟರೆ ಚಿಂತೆಯಿಲ್ಲ.

ಬ್ರೌಸರ್ ಕಳುಹಿಸುವ ಟೈಪನ್ನು ಸಾಕ್ಷಿಯೆಂದು ಪರಿಗಣಿಸಬೇಡಿ. ಎಕ್ಸೆಲ್ ಇರುವ ವಿಂಡೋಸ್ ಯಂತ್ರದಿಂದ ಸಾದಾ ಸಿಎಸ್‌ವಿ ಫೈಲೂ ಅಪ್ಲಿಕೇಶನ್/ವಿಎನ್‌ಡಿ.ಎಂಎಸ್-ಎಕ್ಸೆಲ್ ಎಂದು ಬರಬಹುದು, ಏಕೆಂದರೆ ಬ್ರೌಸರ್ ಆ ಹೆಸರನ್ನು ವಿಂಡೋಸ್ ರಿಜಿಸ್ಟ್ರಿಯಿಂದ ತೆಗೆದುಕೊಳ್ಳುತ್ತದೆ. ಮೊದಲ ಬೈಟ್‌ಗಳನ್ನಷ್ಟೇ ನೋಡಿದರೂ ಸಾಲದು: ಎಕ್ಸ್‌ಎಲ್‌ಎಸ್‌ಎಕ್ಸ್, ಕೆಎಂಜೆಡ್, ಆಂಡ್ರಾಯ್ಡ್‌ನ ಎಪಿಕೆ ಎಲ್ಲವೂ ಜಿಪ್ ಫೈಲ್‌ಗಳೇ, ಎಲ್ಲವೂ ‘ಪಿಕೆ’ ಎಂದೇ ಆರಂಭವಾಗುತ್ತವೆ. ಒಳಗೆ ಯಾವ ಫೈಲ್‌ಗಳಿವೆ ಎಂದು ತೆರೆದು ನೋಡಬೇಕು.

ಮರುಪ್ರಶ್ನೆ: ನಕ್ಷೆಗಾರ

ಮೂವರಿಗೂ ಧನ್ಯವಾದಗಳು. ಡಿಫಾಲ್ಟ್_ಟೈಪ್ ಸಾಲು ನಿಜಕ್ಕೂ ಇರಲಿಲ್ಲ. ಎಚ್‌ಟಿಟಿಪಿ ಹಂತದಲ್ಲಿ ಎರಡೂ ಟೈಪ್ ಸೇರಿಸಿದೆ, ಈಗ ಫೈಲ್‌ಗಳು ಇಳಿಯುತ್ತಿವೆ. ಆದರೆ ಒಬ್ಬ ಗ್ರಾಹಕರ ಯಂತ್ರದಲ್ಲಿ ಮಾತ್ರ, ಹಿಂದೆ ತೆರೆದಿದ್ದ ನಕ್ಷೆಗಳು ಇನ್ನೂ ಅಕ್ಷರಗಳಾಗಿಯೇ ಕಾಣುತ್ತಿವೆ. ಹೊಸ ನಕ್ಷೆಗಳು ಸರಿಯಾಗಿ ಇಳಿಯುತ್ತವೆ.

ಉತ್ತರ: ಹಳೆಯ ಅಡ್ಮಿನ್

ಅದು ಅವರ ಬ್ರೌಸರಿನ ಕ್ಯಾಶ್, ಅಂದರೆ ಅದು ಉಳಿಸಿಕೊಂಡ ಹಳೆಯ ಪ್ರತಿ. ಫೈಲ್ ಬದಲಾಗಿಲ್ಲವಾದ್ದರಿಂದ ಇಟ್ಯಾಗ್ (ಫೈಲಿನ ಆವೃತ್ತಿಯ ಗುರುತು) ಹಳೆಯದೇ ಇದೆ, ಸರ್ವರ್ 304 (ಬದಲಾಗಿಲ್ಲ) ಎಂದಷ್ಟೇ ಉತ್ತರಿಸುತ್ತದೆ. ಎಂಜಿನ್‌ಎಕ್ಸ್ 304ರ ಜೊತೆ ಕಂಟೆಂಟ್-ಟೈಪ್ ಕಳುಹಿಸದ ಕಾರಣ ಬ್ರೌಸರ್ ತಾನು ಹಿಂದೆ ಉಳಿಸಿಕೊಂಡ ಟೆಕ್ಸ್ಟ್/ಪ್ಲೇನ್ ಅನ್ನೇ ಮುಂದುವರಿಸುತ್ತದೆ. ಗ್ರಾಹಕರಿಗೆ ಕ್ಯಾಶ್ ಅಳಿಸಲು ಹೇಳುವ ಬದಲು, ಸರ್ವರಿನಲ್ಲೇ ಆ ಫೋಲ್ಡರಿನ ಫೈಲ್‌ಗಳ ಮೇಲೆ ಟಚ್ ಆದೇಶ ಓಡಿಸಿ, ಅದು ಬದಲಾವಣೆಯ ಸಮಯವನ್ನು ಹೊಸದಾಗಿಸುತ್ತದೆ. ಇಟ್ಯಾಗ್ ರೂಪುಗೊಳ್ಳುವುದು ಬದಲಾವಣೆಯ ಸಮಯ ಮತ್ತು ಗಾತ್ರದಿಂದ. ಸಮಯ ಬದಲಾದರೆ ಇಡೀ ಫೈಲ್ ಹೊಸ ಹೆಡರಿನೊಂದಿಗೆ ಮತ್ತೆ ಹೋಗುತ್ತದೆ. ಅದಕ್ಕೂ ಮೊದಲು ಹೆಡರ್‌ಗಳನ್ನಷ್ಟೇ ತೋರಿಸುವ ಕರ್ಲ್ -ಐ ಆದೇಶ ಹಾಕಿ, ಟೈಪ್ ಮತ್ತು ನೋಸ್ನಿಫ್ ಎರಡೂ ಬರುತ್ತಿವೆಯೇ ಎಂದು ಖಚಿತಪಡಿಸಿಕೊಳ್ಳಿ.