ಕುಮಾರ ಪರ್ವತಕ್ಕೆ ಹೊರಟಿದ್ದೇವೆ, ಮೊಣಕಾಲು ತಡೆಯುತ್ತಾ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ನಮಸ್ಕಾರ ಮೇಡಂ. ವಯಸ್ಸು 44, ದಿನವಿಡೀ ಕೂತು ಮಾಡುವ ಕೆಲಸ. ಡಿಸೆಂಬರ್ ರಜೆಗೆ ಗೆಳೆಯರ ಜೊತೆ ಕುಕ್ಕೆ ಕಡೆಯಿಂದ ಕುಮಾರ ಪರ್ವತ ಹತ್ತಬೇಕು ಅಂತಿದ್ದೇವೆ, ಇನ್ನೂ ಎರಡು ತಿಂಗಳಿದೆ. ಸಂಜೆ ಉಣಕಲ್ ಕೆರೆ ಹತ್ತಿರ ಮುಕ್ಕಾಲು ತಾಸು ನಡೀತೀನಿ. ಹೋದ ವರ್ಷ ಬೇರೆ ಬೆಟ್ಟಕ್ಕೆ ಹೋದಾಗ ಹತ್ತುವಾಗ ಏನೂ ಆಗಲಿಲ್ಲ, ಇಳಿಯುವಾಗ ಮೊಣಕಾಲು ಹಿಡಿದುಕೊಂಡುಬಿಟ್ಟಿತು, ಹೆಬ್ಬೆರಳಿನ ಉಗುರೂ ಕಪ್ಪಾಯಿತು. ಮೊಣಕಾಲಿಗೆ ನೀ ಕ್ಯಾಪ್ (ಬಿಗಿ ಪಟ್ಟಿ) ಹಾಕಿದರೆ ಸಾಕಾ?

ಉತ್ತರ (ಫಿಸಿಯೋಥೆರಪಿಸ್ಟ್, ಧಾರವಾಡ): ನೀ ಕ್ಯಾಪ್ ಒಂದರಿಂದಲೇ ಆಗಲ್ಲ ಸರ್. ಕೆರೆ ಹತ್ತಿರದ ನಡಿಗೆ ಉಸಿರಿಗೆ ಒಳ್ಳೇದು, ಬಿಡಬೇಡಿ, ಆದರೆ ಅದು ಸಪಾಟು ದಾರಿ. ಕುಮಾರ ಪರ್ವತದ ಎತ್ತರ 1,712 ಮೀಟರ್, ಕುಕ್ಕೆ ಇರೋದು ತಪ್ಪಲಲ್ಲಿ, ಹತ್ತಿದ್ದಷ್ಟನ್ನೂ ಇಳಿಯಲೇಬೇಕಲ್ವಾ? ಇಳಿಯುವಾಗ ತೊಡೆ ಮುಂಭಾಗದ ಸ್ನಾಯು ಹಿಗ್ಗುತ್ತಾ ಮೈಭಾರ ತಡೀಬೇಕು. ರೂಢಿ ಇಲ್ಲದಿದ್ದರೆ ಅದು ಬೇಗ ಸೋಲುತ್ತದೆ, ಆಮೇಲೆ ಪೆಟ್ಟೆಲ್ಲ ಮೊಣಕಾಲಿಗೆ.

ಹಾಗಾಗಿ ಇಳಿಯೋದನ್ನೇ ರೂಢಿ ಮಾಡಿ. ಮನೆ ಮೆಟ್ಟಿಲ ಮೇಲೆ ಒಂದು ಕಾಲಲ್ಲಿ ನಿಂತು, ಇನ್ನೊಂದನ್ನು ನಾಲ್ಕು ಎಣಿಸುತ್ತಾ ನಿಧಾನಕ್ಕೆ ಕೆಳಗಿನ ಮೆಟ್ಟಿಲಿಗೆ ಇಳಿಸಿ. ಹಿಮ್ಮಡಿ ತಾಗಿದರೆ ಸಾಕು, ಧೊಪ್ ಅಂತ ಬೀಳಬಾರದು. ಮೇಲಿನ ಮೊಣಕಾಲು ಒಳಗೆ ವಾಲದೆ ಕಾಲ್ಬೆರಳಿನ ನೇರಕ್ಕಿರಲಿ. ಕಾಲಿಗೆ ಹತ್ತರಂತೆ ಶುರು ಮಾಡಿ, ದಿನ ಬಿಟ್ಟು ದಿನ. ಭಾನುವಾರ ನೃಪತುಂಗ ಬೆಟ್ಟ ಹತ್ತಿ ಇಳಿಯಿರಿ, ಮೊದಲು ಬರಿಗೈಲಿ, ಎರಡು ವಾರ ಆದ ಮೇಲೆ ಬ್ಯಾಗಲ್ಲಿ ನೀರಿನ ಬಾಟಲಿ ತುಂಬಿಕೊಂಡು. ಲೀಟರಿಗೆ ಒಂದು ಕಿಲೋ ಲೆಕ್ಕ, ಕಾಲು ಬೇಡ ಅಂದರೆ ನೀರು ಚೆಲ್ಲಿ ಭಾರ ಕಡಿಮೆ ಮಾಡಬಹುದು. ಮೊಣಕಾಲಿಗೆ ಬಾವು ಬಂದರೆ ನಿಲ್ಲಿಸಿ, ಒಮ್ಮೆ ತೋರಿಸಿ.

ಉಗುರು ಕಪ್ಪಾಗಿದ್ದು ಪಾದ ಮುಂದಕ್ಕೆ ಜಾರಿ ಶೂ ತುದಿಗೆ ಬಡಿದು. ಶೂ ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ದಪ್ಪ ಸಾಕ್ಸ್ ಹಾಕಿಯೇ ನೋಡಿ, ಮುಂದೆ ಹೆಬ್ಬೆರಳಿನಷ್ಟು ಜಾಗ ಬೇಕು. ಇಳಿಯುವ ಮುಂಚೆ ಕೂತು ಲೇಸ್ ಬಿಗಿ ಮಾಡಿ. ಹೊಚ್ಚ ಹೊಸ ಶೂ ಹಾಕಿ ಬೆಟ್ಟಕ್ಕೆ ಹೋಗಲೇಬೇಡಿ ಸರ್, ನಮ್ಮಲ್ಲಿಗೆ ಕುಂಟುತ್ತಾ ಬರುವವರನ್ನು ನೋಡಿ ಹೇಳ್ತಿದ್ದೇನೆ. ಕೈಯಲ್ಲಿ ಕೋಲಿರಲಿ. ಅರಣ್ಯ ಇಲಾಖೆ ಅನುಮತಿ ಮೊದಲೇ ತಗೊಳ್ಳಿ.

ಪ್ರಶ್ನೆ (ಗದಗ): ಅಕ್ಕಾ, ನಮ್ಮಪ್ಪಗೆ 61, ಬಿಪಿ ಮಾತ್ರೆ ತಗೋತಾರೆ. ಕಪ್ಪತಗುಡ್ಡಕ್ಕೆ ನಾನೂ ಬರ್ತೀನಿ ಅಂತ ಹಟ ಹಿಡಿದಿದ್ದಾರೆ.

ಉತ್ತರ: ಬರ್ಲಿ ತಮ್ಮಾ, ಆಸೆಯಿಂದ ಕೇಳ್ತಿದ್ದಾರೆ. ಮೊದಲು ಅವರ ಡಾಕ್ಟರ ಹತ್ತಿರ ಬಿಪಿ ತೋರಿಸಿ, ಹೃದಯದ ಪರೀಕ್ಷೆ ಬೇಕಾ ಕೇಳು. ಅವತ್ತು ಮಾತ್ರೆ ತಪ್ಪಬಾರದು. ಬಿಸಿಲೇರುವ ಮುಂಚೆ ಹತ್ತಿ. ಮಾತಾಡ್ತಾ ನಡೆಯಲು ಆಗಬೇಕು, ಮಾತು ತುಂಡಾಗ್ತಿದ್ದರೆ ವೇಗ ಜಾಸ್ತಿ ಆಯ್ತು ಅಂತ. ಎದೆ ಬಿಗಿದರೆ ಅಲ್ಲೇ ಕೂರಿಸಿ 108ಕ್ಕೆ ಫೋನ್ ಮಾಡು. ಮತ್ತೆ, ಅಪ್ಪನನ್ನು ಹಿಂದೆ ಬಿಡಬೇಡ, ಅವರು ಮುಂದೆ ನಡೀಲಿ, ನೀನು ಅವರ ಹೆಜ್ಜೆಗೆ ಹೋಗು.