ಅಜ್ಜಿಗೆ ಒಂದೇ ಡಿಸ್ಕಿನಲ್ಲಿ ಮೂರು ಸಿನಿಮಾ ಹಾಕಿಕೊಡುವುದು ಹೇಗೆ? ಮಾಡಿ ನೋಡಿದವರು ಹೇಳಿ

ಪ್ರಶ್ನೆ, ಮೈಸೂರಿನಿಂದ:

ನಮ್ಮ ಅಜ್ಜಿಗೆ ಎಂಬತ್ತೆರಡು ವರ್ಷ. ಊರಲ್ಲಿ ಒಬ್ಬರೇ ಇದ್ದಾರೆ. ಇಂಟರ್ನೆಟ್ ಸರಿಯಾಗಿ ಸಿಗುವುದಿಲ್ಲ, ಹಳೇ ಡಿವಿಡಿ ಪ್ಲೇಯರ್ ಒಂದೇ ಗತಿ. ತಾತ ಕೊಂಡಿಟ್ಟ ಕಪ್ಪು ಬಿಳುಪು ಸಿನಿಮಾಗಳ ವಿಸಿಡಿ ಒಂದು ಟ್ರಂಕ್ ತುಂಬಾ ಇದೆ. ಒಂದೊಂದು ಸಿನಿಮಾಗೆ ಎರಡು, ಮೂರು ಸಿಡಿ. ಮಂಡಿನೋವು, ನಡುವೆ ಎದ್ದು ಸಿಡಿ ಬದಲಾಯಿಸಲು ಅಜ್ಜಿಗೆ ಆಗುವುದಿಲ್ಲ. ಹೋದ ವಾರ ಐದು ಸಿನಿಮಾ ಒಂದೇ ಡಿವಿಡಿಗೆ ಹಾಕಿದೆ. ಮುಖಗಳೆಲ್ಲ ಕಲಸಿಹೋದ ಹಾಗೆ ಬಂತು. ಎಲ್ಲಿ ತಪ್ಪಿದೆ? ಒಂದು ಡಿಸ್ಕಿಗೆ ಎಷ್ಟು ಸಿನಿಮಾ ಹಾಕಬಹುದು?

ತುಮಕೂರಿನಿಂದ:

ನಾನು ಮದುವೆ ವಿಡಿಯೊ ಕೆಲಸದಲ್ಲಿ ಹದಿನಾಲ್ಕು ವರ್ಷ ಇದ್ದೆ. ಇದೇ ಲೆಕ್ಕ ದಿನಾ ಹಾಕುತ್ತಿದ್ದೆವು. ಎಷ್ಟು ಸಿನಿಮಾ ಅಂತ ಎಣಿಸಬೇಡಿ. ಒಟ್ಟು ಎಷ್ಟು ಸೆಕೆಂಡು, ಒಂದು ಸೆಕೆಂಡಿಗೆ ಎಷ್ಟು ಬಿಟ್ (ಕಂಪ್ಯೂಟರ್ ಮಾಹಿತಿಯ ಅತಿ ಚಿಕ್ಕ ಅಳತೆ) ಸಿಗುತ್ತದೆ ಅಂತ ನೋಡಿ.

ಮಾಮೂಲಿ ಡಿಸ್ಕಿನ ಮೇಲೆ 4.7 ಜಿಬಿ ಅಂತ ಇರುತ್ತದೆ. ಕಂಪ್ಯೂಟರಿಗೆ ಹಾಕಿದರೆ 4.37 ಅಂತ ತೋರಿಸುತ್ತದೆ. ಗಾಬರಿ ಬೇಡ, ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ. ಜಾಗ ಅಷ್ಟೇ. ಬಿಟ್ ಲೆಕ್ಕದಲ್ಲಿ ಸುಮಾರು 37,600 ಮೆಗಾಬಿಟ್. ಎರಡೂವರೆ ಗಂಟೆಯ ಸಿನಿಮಾ ಅಂದರೆ 9,000 ಸೆಕೆಂಡು. ನೀವು ಐದು ಹಾಕಿದ್ದೀರಿ, 45,000 ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ 835 ಕಿಲೋಬಿಟ್. ಧ್ವನಿಗೆ 192 ಹೋದರೆ ಚಿತ್ರಕ್ಕೆ ಉಳಿದದ್ದು 640ರಷ್ಟು. ಪೂರ್ತಿ ಅಳತೆಯ ಡಿವಿಡಿ ಚಿತ್ರಕ್ಕೆ, ಅಂದರೆ 720 ಗುಣಿಸು 576 ಚುಕ್ಕಿಗೆ, ಇದು ಎಲ್ಲಿ ಸಾಲುತ್ತದೆ? ಮುಖ ಕಲಸಿದ್ದು ಅದಕ್ಕೇ.

ಮೂರು ಸಿನಿಮಾ ಆದರೆ ಧ್ವನಿ ಕಳೆದು ಚಿತ್ರಕ್ಕೆ 1,200ರಷ್ಟು ಸಿಗುತ್ತದೆ. ಆಗ ಚಿತ್ರದ ಅಳತೆಯನ್ನು 352 ಗುಣಿಸು 288ಕ್ಕೆ ಇಳಿಸಿ. ಚುಕ್ಕಿಗಳು ಕಾಲು ಭಾಗ ಆಗುತ್ತವೆ, ಇರುವ ಬಿಟ್ ಸಾಕಾಗುತ್ತದೆ. ಎರಡೇ ಸಿನಿಮಾ ಸಾಕು ಅಂದರೆ ಸೆಕೆಂಡಿಗೆ 1,800 ಇಟ್ಟು 352 ಗುಣಿಸು 576 ಮಾಡಿ. ಒಳ್ಳೆಯ ಡಿವಿಡಿಯಿಂದ ತೆಗೆದ ಸಿನಿಮಾಗೆ ನಾನು ಇದನ್ನೇ ಹೇಳುತ್ತೇನೆ. ಈ ಮೂರು ಅಳತೆಯನ್ನೂ ಡಿವಿಡಿ ಪ್ಲೇಯರ್ ಒಪ್ಪುತ್ತದೆ. ನಮ್ಮಲ್ಲಿ ಟೀವಿಗೆ ಪಾಲ್ ಪದ್ಧತಿ, ಸೆಕೆಂಡಿಗೆ 25 ಫ್ರೇಮ್. ಅದನ್ನು ಬದಲಾಯಿಸಬೇಡಿ.

ಇನ್ನೊಂದು ಮಾತು. ಎನ್‌ಕೋಡ್ ಮಾಡುವಾಗ, ಅಂದರೆ ಚಿತ್ರವನ್ನು ಹಿಂಡಿ ಡಿಸ್ಕಿಗೆ ಹೊಂದುವ ರೂಪಕ್ಕೆ ತರುವಾಗ, ಎರಡು ಪಾಸ್ ಆಯ್ಕೆ ಇದ್ದರೆ ಅದನ್ನೇ ಹಾಕಿ. ಮೊದಲ ಸಲ ಇಡೀ ಸಿನಿಮಾ ನೋಡಿಕೊಳ್ಳುತ್ತದೆ, ಎರಡನೇ ಸಲ ಬರೆಯುತ್ತದೆ. ಇಬ್ಬರು ಕೂತು ಮಾತಾಡುವ ದೃಶ್ಯಕ್ಕೆ ಬಿಟ್ ಕಡಿಮೆ ಸಾಕು. ಮಳೆ, ಜಾತ್ರೆಯ ಗುಂಪು, ಹರಿಯುವ ನೀರು ಬಂದರೆ ಜಾಸ್ತಿ ಬೇಕು. ಒಮ್ಮೆ ಜೋಗದ ಮುಂದೆ ತೆಗೆದ ಮದುಮಕ್ಕಳ ಹಾಡನ್ನು ಸುಮ್ನೆ ಒಂದೇ ಪಾಸಿನಲ್ಲಿ ಕೊಟ್ಟುಬಿಟ್ಟೆ. ಜಲಪಾತ ಪೂರ್ತಿ ಚೌಕ ಚೌಕವಾಗಿ ಇಳಿಯುತ್ತಿತ್ತು. ಆ ಮನೆಯವರಿಗೆ ಮತ್ತೆ ಮಾಡಿಕೊಟ್ಟೆ. ಅಂದಿನಿಂದ ಪ್ರತಿ ಸಲ ಅಂಥ ಕಷ್ಟದ ಎರಡು ನಿಮಿಷ ಮೊದಲು ಮಾಡಿ, ಅಳಿಸಿ ಮತ್ತೆ ಬರೆಯಬಹುದಾದ ಡಿವಿಡಿ ಆರ್‌ಡಬ್ಲ್ಯೂಗೆ ಹಾಕಿ, ಟೀವಿಯಲ್ಲೇ ನೋಡುತ್ತೇನೆ. ಕಂಪ್ಯೂಟರ್ ಪರದೆಯನ್ನು ನಂಬಬೇಡಿ.

ಕುಂದಾಪುರದಿಂದ:

ಮೇಲಿನವರು ಹೇಳಿದ ಲೆಕ್ಕ ಸರಿ. ಆದರೆ ನಿಮ್ಮ ಹತ್ತಿರ ಇರುವುದು ವಿಸಿಡಿ ಅಲ್ವಾ? ಹಾಗಾದರೆ ಚಿತ್ರವನ್ನು ಮತ್ತೆ ಎನ್‌ಕೋಡ್ ಮಾಡಲೇಬೇಡಿ! ಪಾಲ್ ವಿಸಿಡಿಯ ಚಿತ್ರ ಎಂಪೆಗ್ 1 ಅನ್ನುವ ಹಳೇ ರೂಪದ್ದು, ಅಳತೆ 352 ಗುಣಿಸು 288, ಸೆಕೆಂಡಿಗೆ 1,150 ಕಿಲೋಬಿಟ್. ಡಿವಿಡಿ ನಿಯಮದಲ್ಲಿ ಇದಕ್ಕೆ ಜಾಗ ಇದೆ. ಇದ್ದದ್ದನ್ನು ಇದ್ದ ಹಾಗೇ ಇಡಬಹುದು. ಮತ್ತೆ ಹಿಂಡಿದರೆ ಇರುವ ಚೂರುಪಾರು ಅಂದವೂ ಹೋಗುತ್ತದೆ. ದೊಡ್ಡದು ಮಾಡಿದರೂ ಇಲ್ಲದ ವಿವರ ಎಲ್ಲಿಂದ ಬರಬೇಕು?

ನಮ್ಮ ಮಾವನ ಯಕ್ಷಗಾನದ ವಿಸಿಡಿಗಳನ್ನು ನಾನು ಹೀಗೇ ಮಾಡಿದೆ. ಸಿಡಿಯೊಳಗೆ ಡ್ಯಾಟ್ ಅನ್ನುವ ದೊಡ್ಡ ಫೈಲ್ ಇರುತ್ತದೆ, ಅದೇ ಸಿನಿಮಾ. ಧ್ವನಿ ಮಾತ್ರ ಬದಲಾಯಿಸಲೇಬೇಕು. ವಿಸಿಡಿಯಲ್ಲಿ 44.1 ಕಿಲೋಹರ್ಟ್ಸ್, ಡಿವಿಡಿಗೆ 48 ಬೇಕು. ಇದನ್ನು ಬಿಟ್ಟರೆ ಕೆಲವು ಪ್ಲೇಯರಿನಲ್ಲಿ ಧ್ವನಿಯೇ ಬರುವುದಿಲ್ಲ. ಹಳೇ ಸಿನಿಮಾ ಧ್ವನಿ ಮೊನೊ, 128 ಕಿಲೋಬಿಟ್ ಧಾರಾಳ ಸಾಕು, ಅಷ್ಟು ಜಾಗವೂ ಉಳಿಯಿತು. ಡಿವಿಡಿ ಸ್ಟೈಲರ್ ಅನ್ನುವ ಉಚಿತ ತಂತ್ರಾಂಶದಲ್ಲಿ ಚಿತ್ರಕ್ಕೆ ಕಾಪಿ ಅಂತ ಆರಿಸಿದರೆ ಚಿತ್ರ ಮುಟ್ಟುವುದಿಲ್ಲ. ಮೊದಲನೇ ಸಿಡಿಯ ಕೊನೆಗೆ 'ಎರಡನೇ ಸಿಡಿ ಹಾಕಿ' ಅಂತ ಬರೆದದ್ದು ಬಂದರೆ ಕತ್ತರಿಸಿ. ಇಲ್ಲದಿದ್ದರೆ ಅಜ್ಜಿ ಪಾಪ, ಎದ್ದುಬಿಡುತ್ತಾರೆ.

ಬೆಂಗಳೂರಿನಿಂದ:

ಪ್ಲೇಯರಿನ ಮುಂದೆ ಡಿವ್‌ಎಕ್ಸ್ ಗುರುತು ಇದೆಯಾ ನೋಡಿ. ಇದ್ದರೆ ಅದು ಕಂಪ್ಯೂಟರಿನ ಕೆಲವು ಬಗೆಯ ವಿಡಿಯೊ ಫೈಲನ್ನು ನೇರ ಓದುತ್ತದೆ, ಮೆನು ಗೋಜೇ ಬೇಡ. ಅದೇ ಜಾತಿಯ 700 ಎಂಬಿಯ ಎಕ್ಸ್‌ವಿಡ್ ಫೈಲುಗಳು ಆರು, ಡೇಟಾ ಡಿಸ್ಕ್ ಮಾಡಿ ಬರೆಯಿರಿ. ಅದೇ ಗಾತ್ರಕ್ಕೆ ಡಿವಿಡಿಯ ಎಂಪೆಗ್ 2ಗಿಂತ ಚಿತ್ರ ಚೆನ್ನಾಗಿರುತ್ತದೆ. ಆದರೆ ಫೋನಿನಲ್ಲಿ ಓಡುವ ಎಂಪಿ4 ಫೈಲನ್ನು ಹಾಗೇ ಹಾಕಿದರೆ ಹಳೇ ಪ್ಲೇಯರ್ ಓದುವುದಿಲ್ಲ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿರಲಿ. 8.5 ಜಿಬಿಯ ಎರಡು ಪದರದ ಡಿಸ್ಕ್ ತರಬೇಡಿ. ದುಬಾರಿ, ಹಳೇ ಪ್ಲೇಯರಿನಲ್ಲಿ ಪದರ ಬದಲಾಗುವಾಗ ತೊಂದರೆ ಕೊಡುತ್ತದೆ. ನನ್ನ ನಾಲ್ಕರಲ್ಲಿ ಮೂರು ಕೆಟ್ಟವು.

ಮತ್ತೆ ಮೈಸೂರಿನಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಿವ್‌ಎಕ್ಸ್ ಗುರುತು ಇರಲಿಲ್ಲ. ಕುಂದಾಪುರದವರು ಹೇಳಿದ ದಾರಿ ಹಿಡಿದೆ. ಚಿತ್ರ ಮುಟ್ಟದೆ ಮೂರು ಸಿನಿಮಾ ಹಾಕಿದೆ. ಮೊದಲ ಡಿಸ್ಕಿನಲ್ಲಿ ಮೂರನೆಯದರ ಕೊನೆ ಹತ್ತು ನಿಮಿಷ ತಡೆದು ತಡೆದು ಓಡಿತು. ಅಂಚಿನವರೆಗೂ ತುಂಬಿದ್ದೆ, ಅದೂ 16ರ ವೇಗದಲ್ಲಿ. ಡಿಸ್ಕ್ ಒಳಗಿನಿಂದ ಹೊರಗೆ ಬರೆಯುತ್ತಾ ಹೋಗುತ್ತದೆ, ಹಾಗಾಗಿ ಕೊನೆಯ ಸಿನಿಮಾಗೇ ಪೆಟ್ಟು. ಈ ಸಲ ಮೂರೂ ಸೇರಿ ಏಳು ಗಂಟೆ ಒಳಗೆ ಬರುವ ಹಾಗೆ ಆರಿಸಿದೆ, 8ರ ವೇಗದಲ್ಲಿ ಬರೆದೆ, ಬರೆದ ಮೇಲೆ ಸರಿಯಾಗಿ ಬರೆದಿದೆಯಾ ಅಂತ ವೆರಿಫೈ ಹಾಕಿದೆ. ಎಲ್ಲೂ ನಿಲ್ಲಲಿಲ್ಲ.

ಮೆನುವಿನಲ್ಲಿ ಹೆಸರಿನ ಬದಲು ಮೂರು ದೊಡ್ಡ ಚಿತ್ರ ಇಟ್ಟೆ, ಅಜ್ಜಿಗೆ ಕನ್ನಡಕ ಬೇಕಾಗಲಿಲ್ಲ. ಒಂದು ಮುಗಿದರೆ ಮೆನುವಿಗೆ ವಾಪಸ್ ಬರುವ ಹಾಗೆ ಮಾಡಿದ್ದೇನೆ. ಊಟ ಆದ ಮೇಲೆ ಅವರಿಗೆ ಜೋಂಪು ಹತ್ತುತ್ತದೆ, ಮುಂದಿನದು ತಾನೇ ಶುರುವಾದರೆ ಅರ್ಧ ತಪ್ಪಿಹೋಗುತ್ತದೆ.

ಟ್ರಂಕಿನಲ್ಲಿ ಇನ್ನೂ ಹನ್ನೊಂದು ಸಿನಿಮಾ ಇವೆ. ಎರಡರ ಸಿಡಿ ಗೀಚಿಹೋಗಿ ಫೈಲ್ ಕಾಪಿ ಆಗುತ್ತಿಲ್ಲ. ಏನು ಮಾಡಲಿ?

ತುಮಕೂರಿನಿಂದ:

ಮೆತ್ತಗಿನ ಒದ್ದೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತಿಸಿ ಉಜ್ಜಬೇಡಿ. ಒಣಗಿಸಿ ಬೇರೆ ಬೇರೆ ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಓದದ್ದನ್ನು ಇನ್ನೊಂದು ಓದುತ್ತದೆ. ನನ್ನ ಹತ್ತಿರ ಹಳೇ ಡ್ರೈವ್ ಮೂರು ಇವೆ. ಈ ಕಡೆ ಬಂದರೆ ಸಿಡಿ ತನ್ನಿ, ನಾನೇ ತೆಗೆದುಕೊಡುತ್ತೇನೆ.