ಟ್ರೆವರ್ ಗ್ರಿಫಿತ್ಸ್: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ, ಶಿರಸಿಯಿಂದ:
ನಮ್ಮ ತಂಡಕ್ಕೆ ರಾಜಕೀಯ ನಾಟಕ ಹುಡುಕುತ್ತಿದ್ದೇನೆ. ಇಂಗ್ಲೆಂಡಿನ ಈ ಎಡಪಂಥೀಯ ನಾಟಕಕಾರರದ್ದು ಮೊದಲು ಯಾವುದು ಓದಲಿ?

ಕಾರವಾರದಿಂದ:
‘ಕಮೀಡಿಯನ್ಸ್’ ಓದಿ, 1975ರದ್ದು. ಮ್ಯಾಂಚೆಸ್ಟರಿನ ರಾತ್ರಿ ಶಾಲೆ. ದುಡಿಯುವ ಗಂಡಸರು ನಗಿಸೋದು ಕಲಿಯಲು ಬರುತ್ತಾರೆ. ಯಹೂದಿ, ಐರಿಷ್ ಅಂತ ಜನರನ್ನು ಆಡಿಕೊಂಡು ನಗಿಸಬೇಡಿ ಅಂತಾರೆ ಹಳೇ ಮೇಷ್ಟ್ರು. ಆದರೆ ಕೆಲಸ ಕೊಡುವ ಏಜೆಂಟನಿಗೆ ಅದೇ ಜೋಕು ಬೇಕು. ಹೊಟ್ಟೆಪಾಡಿಗೆ ಬಗ್ಗೋದಾ, ಬೇಡವಾ? ಬೋಟು ಬಂದ್ ಇದ್ದ ಮಳೆಗಾಲದಲ್ಲಿ ನಾವು ಐದು ಜನ ಜಗಲಿ ಮೇಲೆ ಕೂತು ಓದಿದೆವು. ಮೇಷ್ಟ್ರ ಪಾತ್ರ ಓದುತ್ತಿದ್ದವನು ಬೈತಖೋಲ್ ಬಂದರಿನಲ್ಲಿ ಬಲೆ ಹೆಣೆಯುವ ಗೆಳೆಯ. ಯುದ್ಧದ ನಂತರ ನಾಜಿ ಶಿಬಿರ ನೋಡಿದ್ದನ್ನು ಮೇಷ್ಟ್ರು ಹೇಳುವ ಮಾತು ಬಂತು. ಅವನು ಹಾಳೆ ಮಡಿಲಲ್ಲಿಟ್ಟು ಸುಮ್ನೆ ಕೂತುಬಿಟ್ಟ. ಯಾರೂ ಮುಂದೆ ಓದು ಅನ್ನಲಿಲ್ಲ.

ಅಂಕೋಲಾದಿಂದ:
ಟಿವಿಯನ್ನೂ ಮರೀಬೇಡಿ. ನಾಟಕ ನೋಡಲು ಬಾರದ ಕೂಲಿಯವರ ಮನೆಗೇ ಮಾತು ಮುಟ್ಟಲಿ ಅಂತ ಟಿವಿಗೆ ಬರೆದರು. 1976ರ ‘ಬಿಲ್ ಬ್ರ್ಯಾಂಡ್’ ಧಾರಾವಾಹಿ ಲೇಬರ್ ಪಕ್ಷದ ಒಬ್ಬ ಸಂಸದನ ಕಥೆ. ಸಿನಿಮಾಕ್ಕೂ ಬರೆದರು: ಹಾಲಿವುಡ್ ನಟ ವಾರೆನ್ ಬೀಟಿ ಜೊತೆ ಬರೆದ ‘ರೆಡ್ಸ್’ (1981) ಚಿತ್ರಕಥೆ ಆಸ್ಕರ್‌ಗೆ ನಾಮನಿರ್ದೇಶನವಾಗಿತ್ತು. ನನಗೆ ಮಾತ್ರ ಟಿವಿಯ ಕೆಲಸವೇ ಜಾಸ್ತಿ ದೊಡ್ಡದು.

ಶಿರಸಿಯಿಂದ:
‘ಕಮೀಡಿಯನ್ಸ್’ ಪ್ರತಿ ಇದ್ದರೆ ಬಸ್ಸಿಗೆ ಹಾಕಿ ಕಳಿಸ್ತೀರಾ? ನಾನೇ ಸ್ಟ್ಯಾಂಡಿಗೆ ಬಂದು ತಗೋತೇನೆ.